ಕೊನೆಯ ಪಂಕ್ತಿಯ ಸಾರು

ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಜನರ ಬಾಯಲ್ಲಿ ನನ್ನ ಹೆಸರು ವಾಂತಿಭೇದಿ ಸಾಹೇಬ. ನನ್ನ ಸೈಕಲ್ಲು ಊರ ಅಗಸೆಯಲ್ಲಿ ಕಂಡಿತೆಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಂಡು ಕದ ಹಾಕಿಕೊಳ್ಳುತ್ತಿದ್ದರು. ಸೂಜಿ ಚುಚ್ಚುತ್ತಾನೆ ಎನ್ನುವುದು ಒಂದು ಭಯ. ಇವನು ಬಂದನೆಂದರೆ ಊರಲ್ಲಿ ರೋಗ ಹೊಕ್ಕಿದೆ ಎಂದೇ ಅರ್ಥ ಎನ್ನುವುದು ಇನ್ನೊಂದು ಭಯ. ಎರಡನೆಯದಕ್ಕೆ ನಾನು ಎದುರಾಡುವಂತಿರಲಿಲ್ಲ. ರೋಗವಿಲ್ಲದ ಊರಿಗೆ ನನ್ನನ್ನು ಯಾರೂ ಕಳಿಸುತ್ತಿರಲಿಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನಲ್ಲಿದ್ದೆ. ಅಲ್ಲಿ ನೀರು ಕಡಿಮೆ. ಬೇಸಿಗೆಯಲ್ಲಿ ಇಡೀ ಊರು ಒಂದೇ ಮೆಟ್ಟಿಲು ಬಾವಿಗೆ ಇಳಿಯುತ್ತಿತ್ತು. ಕಾಲು ತೊಳೆಯುವುದೂ ಅಲ್ಲೇ, ಕೊಡ ತುಂಬುವುದೂ ಅಲ್ಲೇ. ಒಂದು ಮನೆಗೆ ಕಾಲರಾ ಬಂದರೆ ಊರಿಗೇ ಬಂದಂತೆ. ನಾನು ಬಾವಿಗೆ ಔಷಧಿಯ ಕೆಂಪು ಪುಡಿ ಹಾಕುವುದು, ನೀರಿನ ಬಣ್ಣ ನೋಡಿ ಹೆಂಗಸರು ಮುಖ ಸಿಂಡರಿಸಿ ಹಳ್ಳದ ಒರತೆಗೆ ಹೋಗುವುದು, ಆ ಒರತೆಯಿಂದ ಮತ್ತೆ ರೋಗ ಹೊತ್ತು ತರುವುದು, ಹೀಗೆ ಬೇಸಿಗೆಯುದ್ದಕ್ಕೂ ನಡೆಯುತ್ತಿತ್ತು. ನಾನು ಬೈದೆ, ಕೈಮುಗಿದೆ, ಪಟೇಲರಿಂದ ಹೇಳಿಸಿದೆ. ಕೊನೆಗೆ ಬೈಯುವುದನ್ನೂ ಬಿಟ್ಟೆ. ಬೈಯುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು.

ಅಲ್ಲಿ ಒಂದು ಮಧ್ಯಾಹ್ನ, ಇಬ್ಬರು ಮಕ್ಕಳನ್ನು ಕಳೆದುಕೊಂಡ ರೈತನೊಬ್ಬ ತನ್ನ ಮನೆಯ ಜಗುಲಿಯ ಮೇಲೆ ಕೂತು, ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಯಾವಾಗ ಶುರುವಾಯಿತು, ಎಲ್ಲಿಯ ನೀರು ಕುಡಿದರು, ಬಟ್ಟೆ ಎಲ್ಲಿ ಒಗೆದರು. ಎಲ್ಲ ಹೇಳಿ ಮುಗಿಸಿ, ಬಿಸಿಲಲ್ಲಿ ಬಂದಿದ್ದೀರಿ ಎಂದು ಒಳಗಿನಿಂದ ಮಜ್ಜಿಗೆ ತರಿಸಿಕೊಟ್ಟ. ಕಾಲರಾ ಬಂದ ಮನೆಯಲ್ಲಿ ನೀರನ್ನೂ ಮುಟ್ಟಬೇಡಿ ಎಂದು ಬೆಳಗಿನಿಂದ ಊರಿಗೆ ಸಾರುತ್ತಿದ್ದವನು ನಾನೇ. ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ. ಸೈಕಲ್ ಹತ್ತಿ ಸ್ವಲ್ಪ ದೂರ ಹೋದ ಮೇಲೆ ನನಗೆ ಹೆದರಿಕೆಯಾಯಿತು. ರೋಗದ ಹೆದರಿಕೆ ಅಲ್ಲ. ಆ ಮನೆಯಲ್ಲಿ ಕೂತು ನನಗೆ ಮಜ್ಜಿಗೆಯ ರುಚಿ ಹತ್ತಿತ್ತಲ್ಲ, ಅದರ ಹೆದರಿಕೆ. ಅಲ್ಲಿಂದ ಮುಂದೆ ನನಗೆ ಅಳು ಬರುವುದು ನಿಂತಿತು. ಹೆಂಡತಿ ಇದನ್ನು ಗಟ್ಟಿತನ ಎಂದುಕೊಂಡಳು. ನಾನು ತಿದ್ದಲು ಹೋಗಲಿಲ್ಲ.

ಯುದ್ಧದ ಕಾಲದಲ್ಲಿ ನನ್ನನ್ನು ಹೊನ್ನಾಳಿಗೆ ವರ್ಗ ಮಾಡಿದರು. ಜಗಳೂರಿನಿಂದ ಹೋದವನಿಗೆ ಹೊಳೆ ಕಂಡರೇ ಸಾಕು, ಸ್ವರ್ಗ. ಹೊನ್ನಾಳಿಯ ಜೊತೆಗೆ ನ್ಯಾಮತಿಯೂ ನನ್ನ ಪಾಲಿಗಿತ್ತು. ಚನ್ನಗಿರಿಯ ಇನ್ಸ್‌ಪೆಕ್ಟರು ಕಾಯಿಲೆ ಬಿದ್ದು ರಜೆ ಹಾಕಿದ್ದರಿಂದ ಅದನ್ನೂ ನನ್ನ ತಲೆಗೇ ಕಟ್ಟಿದ್ದರು. ದುಡಿಯುವ ಎತ್ತಿಗೇ ಎರಡು ನೊಗ ಎಂದು ಕಚೇರಿಯವರು ನಗಾಡಿದರು. ನಾನೂ ನಕ್ಕೆ. ನಗುವುದು ಕಷ್ಟವಿರಲಿಲ್ಲ, ಬಾಯಿ ಅಗಲಿಸಿದರೆ ಆಯಿತು.

ನ್ಯಾಮತಿಯಲ್ಲಿ ಜವಳಿ ವ್ಯಾಪಾರಿಯೊಬ್ಬರ ಮಗನ ಮದುವೆ. ಅವರ ಪೈಕಿ ಮದುವೆ ಗಂಡಿನ ಮನೆಯಲ್ಲೇ ನಡೆಯುವುದು ಪದ್ಧತಿ. ಮದುವೆಯ ಮಾರನೆಯ ಬೆಳಿಗ್ಗೆ ಪಟೇಲರ ಆಳು ಬಂದು, ಮದುವೆಮನೆಯಲ್ಲಿ ಕಾಲರಾ ಬಿದ್ದಿದೆ, ಹೆಂಗಸರೆಲ್ಲ ಮಲಗಿಬಿಟ್ಟಿದ್ದಾರೆ ಎಂದು ಹೇಳಿದ. ಔಷಧಿಯ ಪೆಟ್ಟಿಗೆ ಕಟ್ಟಿಕೊಂಡು ಹೊರಟೆ.

ಹೋದಾಗ ಚಪ್ಪರ ಹಾಗೇ ಇತ್ತು. ಮಾವಿನ ತೋರಣ ಬಾಡಿತ್ತು. ಚಪ್ಪರದ ಕೆಳಗೆ ಚಾಪೆಗಳ ಮೇಲೆ ಹೆಂಗಸರು ಹೊಸ ಸೀರೆಯಲ್ಲೇ ಮುದುಡಿ ಮಲಗಿದ್ದರು. ಒಂದೊಂದು ಚಾಪೆಯ ಪಕ್ಕದಲ್ಲೂ ಬೂದಿ ಹಾಕಿದ ಬುಟ್ಟಿ. ನಡುಮನೆಯಲ್ಲಿ ಮದುಮಗನ ಅಕ್ಕನನ್ನು ಮಲಗಿಸಿದ್ದರು. ತಮ್ಮನ ಮದುವೆಗೆಂದು ತುಂಬಿದ ಬಸುರಿ ತವರಿಗೆ ಬಂದಿದ್ದಳು. ವಾಂತಿ ನಿಲ್ಲದೆ, ನೋವು ಶುರುವಾಗಿ, ನಾನು ತಲುಪುವ ಮೊದಲೇ ಹೋಗಿಬಿಟ್ಟಿದ್ದಳು. ಮಗುವೂ ಉಳಿಯಲಿಲ್ಲ. ಅವಳ ತಾಯಿ, ಎಂದರೆ ಮದುಮಗನ ತಾಯಿ, ತಾನೂ ವಾಂತಿಯಿಂದ ಸುಸ್ತಾಗಿ ಗೋಡೆಗೆ ಒರಗಿ ಕೂತಿದ್ದಳು. ನಾನು ಹೊಸಿಲಲ್ಲಿ ನಿಂತು ನೋಡಿದೆ. ಪೆಟ್ಟಿಗೆ ಇಳಿಸಿದೆ. ಬಾವಿ ಎಲ್ಲಿದೆ ಎಂದು ಕೇಳಿದೆ.

ಮೊದಲ ದಿನ ನಾನು ಮಾಡಿದ್ದೆಲ್ಲ ಕಾಲರಾಕ್ಕೆ ಮಾಡುವ ಕೆಲಸವೇ. ಬಾವಿಗೆ ಔಷಧಿ ಹಾಕಿದೆ. ಸಂತೆ ನಿಲ್ಲಿಸಿದೆ. ಸಿಕ್ಕಿದವರಿಗೆಲ್ಲ ಸೂಜಿ ಹಾಕಿದೆ. ಆಮೇಲೆ ಇನ್ನೊಂದು ಮನೆಯಿಂದ ಸುದ್ದಿ ಬರಲಿ ಎಂದು ಕಾದೆ. ಕಾಯುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಕಾಲರಾ ಒಂದು ಮನೆಗೆ ಬಂದು ಸುಮ್ಮನೆ ಹೋಗುವ ನೆಂಟನಲ್ಲ, ಪಕ್ಕದ ಮನೆಯ ಕದ ತಟ್ಟಿಯೇ ತಟ್ಟುತ್ತದೆ. ಇಲ್ಲಿ ತಟ್ಟಲಿಲ್ಲ. ಚಪ್ಪರದ ಆಚೆ ಒಂದು ಕೂಸಿಗೂ ಏನೂ ಆಗಲಿಲ್ಲ. ಮಲಗಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದು ಕೂತು ಗಂಜಿ ಕೇಳಿದರು. ವಾಂತಿ ಯಾವಾಗ ಶುರುವಾಯಿತು ಎಂದರೆ, ಎಲೆ ಅಡಿಕೆ ಹಾಕಿಕೊಳ್ಳುವ ಮೊದಲೇ ಎಂದರು. ಕಾಲರಾಕ್ಕೆ ಇಷ್ಟು ಅವಸರ ಇರುವುದಿಲ್ಲ. ಇದು ಆ ರೋಗವಲ್ಲ ಎಂದು ನನಗೆ ಖಾತ್ರಿಯಾಯಿತು.

ಆದರೆ ಆ ಮನೆಯವರು ಅಷ್ಟರಲ್ಲಿ ತಮ್ಮ ಕಾರಣವನ್ನು ಕಂಡುಕೊಂಡಿದ್ದರು. ಮನೆಯ ಹೆಂಗಸರೆಲ್ಲ ನೆಲ ಹಿಡಿದಾಗ ಒಬ್ಬಳು ಮಾತ್ರ ನೆಟ್ಟಗೆ ಓಡಾಡಿಕೊಂಡಿದ್ದಳು. ಅವಳೇ ಹೊಸ ಸೊಸೆ. ಹೊಸಿಲಿನ ಸೇರು ಒದ್ದು ಒಳಗೆ ಬಂದ ಹೊತ್ತಿನಲ್ಲೇ ಮನೆಮಗಳ ಹೆಣ ಹೊರಗೆ ಹೋಯಿತು ಎಂದು ಒಬ್ಬರು ಅಂದರು. ಅಂಥದ್ದನ್ನು ಅನ್ನಲು ಒಬ್ಬರಿದ್ದರೆ ಸಾಕು. ಕಾಲ್ಗುಣ ಸರಿಯಿಲ್ಲ ಎಂದಾಯಿತು. ಮಾರಿ ತನ್ನನ್ನು ಹೊತ್ತು ತಂದವಳನ್ನು ಮುಟ್ಟುವುದಿಲ್ಲ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ಹುಡುಗಿಯನ್ನು ತವರಿಗೆ ಕಳಿಸಿಬಿಟ್ಟರು. ಸೂತಕ ಕಳೆದ ಮೇಲೆ ಕುಲದ ಹಿರಿಯರನ್ನು ಸೇರಿಸಿ ಸಂಬಂಧವನ್ನೇ ಬಿಡಿಸಿಬಿಡುವ ಮಾತು ನಡೆದಿತ್ತು. ಗಂಡಿಗೇನು, ಇನ್ನೊಂದು ಹೆಣ್ಣು ಸಿಗುತ್ತದೆ. ಅರಿಸಿನ ಆರುವ ಮೊದಲೇ ಕಾಲ್ಗುಣದ ಹೆಸರು ಹೊತ್ತು ಬಂದವಳನ್ನು ಮತ್ತೆ ಯಾರು ಕೇಳುತ್ತಾರೆ?

ನಾನು ಆ ಹುಡುಗಿಯ ಊರಿಗೆ ಹೋದದ್ದು ಕನಿಕರದಿಂದಲ್ಲ. ಮದುವೆಮನೆಯಿಂದ ಹೋದವರೆಲ್ಲರ ಆರೋಗ್ಯ ನೋಡಬೇಕೆಂಬ ನಿಯಮವಿತ್ತು, ಅದಕ್ಕೆ ಹೋದೆ. ಹೊನ್ನಾಳಿಯ ಕೆಳಗೆ ಹೊಳೆಯ ದಂಡೆಯ ಒಂದು ಸಣ್ಣ ಊರು. ಅವಳು ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೈಯ ಮದರಂಗಿ ಇನ್ನೂ ಕೆಂಪಗಿತ್ತು. ಅವಳ ತಂದೆ ನನ್ನ ಮುಖವನ್ನೇ ನೋಡುತ್ತ, ನನಗೆ ಕೂರಲು ಮಣೆ ಹಾಕಿ, ತಾನು ನಿಂತೇ ಇದ್ದ. ಮದುವೆಯ ದಿನ ಏನು ಉಂಡೆ, ಯಾವಾಗ ಉಂಡೆ ಎಂದು ಹುಡುಗಿಯನ್ನು ಕೇಳಿದೆ. ಭೂಮಕ್ಕೆ ಕೂತಿದ್ದೆವು ಎಂದಳು. ಮದುಮಕ್ಕಳು ಒಂದೇ ತಟ್ಟೆಯಲ್ಲಿ ಒಬ್ಬರಿಗೊಬ್ಬರು ತುತ್ತು ಕೊಟ್ಟು ಉಣ್ಣುವ ಊಟ ಅದು. ಎಲ್ಲಕ್ಕಿಂತ ಮೊದಲು, ಬೀಗರ ಪಂಕ್ತಿಯ ಜೊತೆಗೇ ಅದು ಮುಗಿಯಬೇಕು.

ಮನೆಯ ಉಳಿದ ಹೆಂಗಸರು ಎಂದು ಕೇಳಿದೆ.

"ಅವ್ರೆಲ್ಲ ಕಡೀ ಪಂಗ್ತಿ ಅಲ್ಲೇನ್ರಿ" ಎಂದಳು.

ಇಂಥ ಸುಲಭದ ವಿಷಯ ನನಗೇಕೆ ಹೊಳೆದಿರಲಿಲ್ಲವೋ. ಯಾವ ಮನೆ, ಯಾವ ಬಾವಿ ಎಂದು ಕೇಳುವುದು ನಮ್ಮ ಇಲಾಖೆಯ ರೂಢಿ. ಯಾವ ಪಂಕ್ತಿ ಎಂದು ಕೇಳಲು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ನಾನು ಏಳುವಾಗ ಹುಡುಗಿ ಮೊರ ಕೆಳಗಿಟ್ಟಳು.

"ಅಕ್ಕಾರು ಸತ್ತಿದ್ದು ನನ್ನಿಂದ ಅಲ್ಲ ಅಂತ ನೀವು ಬರಕೊಡಾಕೆ ಬರತೈತೇನ್ರಿ?"

ನೋಡೋಣ ಎಂದೆ. ಜನರಿಗೆ ನಾನು ಹೆಚ್ಚು ಹೇಳುತ್ತಿದ್ದ ಮಾತು ಅದು. ಅವಳ ತಂದೆ ನನ್ನ ಸೈಕಲ್ಲನ್ನು ಊರ ಹೊರಗಿನವರೆಗೆ ತಾನೇ ತಳ್ಳಿಕೊಂಡು ಬಂದ, ಬೇಡವೆಂದರೂ ಕೇಳಲಿಲ್ಲ.

ನ್ಯಾಮತಿಗೆ ವಾಪಸು ಹೋಗಿ ಪಂಕ್ತಿಯ ಲೆಕ್ಕದಲ್ಲಿ ವಿಚಾರಿಸಿದೆ. ಮೊದಲ ಪಂಕ್ತಿಯಲ್ಲಿ ಉಂಡ ಬೀಗರು, ಹಿರಿಯರು, ಮಠದ ಅಯ್ಯನವರು ಸುಖವಾಗಿದ್ದರು. ಅದರ ನಂತರ ಉಂಡ ಗಂಡಸರೂ ಸುಖವಾಗಿದ್ದರು. ಆಮೇಲಿನ ಪಂಕ್ತಿಯಲ್ಲಿ ಒಬ್ಬಿಬ್ಬರಿಗೆ ಹೊಟ್ಟೆ ತೊಳಸಿತ್ತು, ಬಿಸಿಲಿಗೆ ಎಂದುಕೊಂಡು ಸುಮ್ಮನಾಗಿದ್ದರು. ಕೊನೆಯಲ್ಲಿ ಕೂತವರಿಗೆ ಬಿಡದೆ ವಾಂತಿಯಾಗಿತ್ತು. ರೋಗ ಮಾನಮರ್ಯಾದೆ ತಿಳಿದು ಬಂದಂತೆ, ಎಲ್ಲರನ್ನೂ ಸರಿಯಾಗಿ ಅವರವರ ಜಾಗ ನೋಡಿ ಬಿಟ್ಟಿತ್ತು, ಹಿಡಿದಿತ್ತು.

ಬೀಗರನ್ನು ಕರೆತಂದ ಗಾಡಿಗಳನ್ನು ಹೊಡೆದವರು ಮುಸ್ಲಿಮರು. ಎಲ್ಲರದೂ ಆದ ಮೇಲೆ ಹಿತ್ತಲಿನ ಹುಣಸೆ ಮರದ ಕೆಳಗೆ ಅವರಿಗೆ ಎಲೆ ಹಾಕಿದ್ದರು. ಅವರಲ್ಲಿ ಹಿರಿಯನೊಬ್ಬ ನನಗೆ ಪೇಟೆಯಲ್ಲಿ ಸಿಕ್ಕ. ಹಾದಿಯಲ್ಲೇ ಗಾಡಿ ನಿಲ್ಲಿಸಿಕೊಂಡು ವಾಂತಿ ಮಾಡಿಕೊಂಡನಂತೆ. ಅವನ ಅಳಿಯನಿಗೂ ಹಾಗೇ ಆಗಿತ್ತು. ಸೊಸೆಯ ಕಾಲ್ಗುಣ ಎನ್ನುತ್ತಾರಲ್ಲ ಎಂದು ಕೇಳಿದೆ.

"ಸ್ವಾಮಿ, ನಾವು ಆ ಮನೆ ಹೊಸಿಲು ಸೈತ ತುಳಿದಿಲ್ರಿ. ಸೊಸಿ ಮುಖ ನೋಡಿಲ್ಲ. ಆ ಸಾರು ಮಾತ್ರ ಉಂಡೀವಿ."

ಅಡಿಗೆಯವನನ್ನು ಹೊನ್ನಾಳಿಯಲ್ಲಿ ಹಿಡಿದೆ. ಮೊದಮೊದಲು ಅವನು ನನ್ನ ಕೈಯ ಅಡಿಗೆಗೆ ಇವತ್ತಿನವರೆಗೆ ಯಾರೂ ಹೆಸರಿಟ್ಟಿಲ್ಲ ಎಂದು ಶುರು ಮಾಡಿ ಗೊಣಗಿದ. ಕುಣಿಯಲಾರದವಳ ನೆಲದ ಹಾಗೆ ಅವನಿಗೂ ಸೌದೆ ಹಸಿ, ಬೇಳೆ ಹಳತು, ಜನ ಹೆಚ್ಚು. ಕೊನೆಗೆ ನಿಜ ಹೇಳಿದ. ಎಣಿಸಿದ್ದಕ್ಕಿಂತ ಜನ ಹೆಚ್ಚು ಬಂದಿದ್ದರು. ಯುದ್ಧದ ರೇಷನ್ ಕಾಲ, ಬೇಳೆ ಇರಲಿಲ್ಲ. ಕೊನೆಯ ಪಂಕ್ತಿಯ ಹೊತ್ತಿಗೆ ಕೊಪ್ಪರಿಗೆಯ ತಳದಲ್ಲಿ ಉಳಿದ ಸಾರಿಗೆ ಬಿಸಿನೀರು ಹೊಯ್ದು, ಹುಣಸೆಹುಳಿ ಕಿವುಚಿ ಹಾಕಿ, ಉಪ್ಪು ಖಾರ ಸೇರಿಸಿ ಮತ್ತೆ ಕುದಿಸಿದ್ದ. ಸಾರು ಹಿಗ್ಗಿಸುವುದು ಎಂದು ಇದಕ್ಕೆ ಹೆಸರು. ಎಲ್ಲ ಮದುವೆಯಲ್ಲೂ ಮಾಡುತ್ತಾರೆ. ಕೊನೆಯಲ್ಲಿ ಉಣ್ಣುವವರು ಮನೆಯವರೇ ತಾನೇ, ನಡೆಯುತ್ತದೆ ಎಂಬ ಧೈರ್ಯ.

ಆ ದೊಡ್ಡ ತಾಮ್ರದ ಕೊಪ್ಪರಿಗೆ ಮಾತ್ರ ಆ ಮನೆಯದಾಗಿರಲಿಲ್ಲ. ಚನ್ನಗಿರಿಯ ವರ್ತಕರೊಬ್ಬರು ತಂದೆಯ ಹೆಸರಿನಲ್ಲಿ ಮಾಡಿಸಿ, ತಮ್ಮ ಜನ ಯಾರೇ ಕೇಳಿದರೂ ಮದುವೆ ಮುಂಜಿಗೆ ಕೊಡುತ್ತಿದ್ದರು. ಅದು ಗಾಡಿಯಲ್ಲಿ ಕೂತು ಊರೂರು ತಿರುಗುತ್ತಿತ್ತು. ಇದಕ್ಕೆ ಮೊದಲು ಎಲ್ಲಿಗೆ ಹೋಗಿತ್ತು ಎಂದು ಕೇಳಿದರೆ ಸಂತೇಬೆನ್ನೂರಿನ ಗೃಹಪ್ರವೇಶಕ್ಕೆ ಎಂದರು. ಅಲ್ಲಿಯೂ ಹೊಟ್ಟೆ ಕೆಟ್ಟು, ಮಜ್ಜಿಗೆಯ ತಲೆಗೆ ಕಟ್ಟಿ ಎಲ್ಲರೂ ಸುಮ್ಮನಾದ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಹೋಗಿ ಕೇಳಿದೆ. ಕಡೆಯಲ್ಲಿ ಉಂಡವರಿಗೆ ಮಾತ್ರ ಎಂದರು. ಮಜ್ಜಿಗೆಯನ್ನು ಎಲ್ಲ ಪಂಕ್ತಿಗೂ ಬಡಿಸಿದ್ದರಂತೆ.

ಚನ್ನಗಿರಿಯ ವರ್ತಕರು ಮರ್ಯಾದಸ್ಥರು. ನನಗೆ ಕುರ್ಚಿ ಹಾಕಿಸಿ, ವಿಷಯ ತಿಳಿಯುವ ಮೊದಲೇ ಕೊಪ್ಪರಿಗೆ ನೋಡುವಿರಂತೆ ಬನ್ನಿ ಎಂದು ಹೆಮ್ಮೆಯಿಂದ ಹಿತ್ತಲಿಗೆ ಕರೆದುಕೊಂಡು ಹೋದರು. ಬೋರಲು ಹಾಕಿದ್ದನ್ನು ಇಬ್ಬರು ಆಳುಗಳು ಎತ್ತಿ ತಿರುಗಿಸಿದರು. ಒಳಗಡೆ ಹೊಸ ಕಾಸಿನಂತೆ ಥಳಥಳ ಹೊಳೆಯುತ್ತಿತ್ತು. ನಾನು ಬಗ್ಗಿ ನೋಡಿದೆ. ತಾಮ್ರದ ಮೇಲೆ ಬಳಿಯುವ ತವರದ ಬಿಳಿಯ ಕಲಾಯಿ ಎಂಬುದು ಹೆಸರಿಗೂ ಇರಲಿಲ್ಲ.

ಕಲಾಯಿ ಏಕಿಲ್ಲ ಎಂದು ಕೇಳಿದೆ. ಕಲಾಯಿಯವರ ಕೇರಿಗೆ ಹೇಳಿಕಳಿಸಿದ್ದೆವು, ತವರ ಬರುವುದು ನಿಂತು ಅವರೇ ಕುಲುಮೆ ಆರಿಸಿ ಕೂಲಿಗೆ ಹೋಗುತ್ತಿದ್ದಾರೆ ಎಂದರು. ಅದು ನಿಜ. ಜಪಾನಿನವರು ಮಲಯಾ ಹಿಡಿದ ಮೇಲೆ ಅಂಗಡಿಯಲ್ಲಿ ತವರದ ಕಡ್ಡಿಯೇ ಇರಲಿಲ್ಲ. ಹಳೆಯ ಕಲಾಯಿ ಅಲ್ಲಲ್ಲಿ ಹೋಗಿ, ಅಲ್ಲಲ್ಲಿ ಕಪ್ಪಾಗಿ, ನೋಡುವುದಕ್ಕೆ ಗಲೀಜಾಗಿ ಕಂಡಿತಂತೆ. ತಂದೆಯ ಹೆಸರಿನ ಪಾತ್ರೆ, ನಾಲ್ಕು ಜನರ ಮನೆಗೆ ಹಾಗೆ ಕಳಿಸುವುದು ಹೇಗೆ ಎಂದು ವರ್ತಕರು ತಾವೇ ಮುಂದೆ ನಿಂತು, ಹುಣಸೆಹಣ್ಣು ಇಟ್ಟಿಗೆಪುಡಿ ಹಾಕಿಸಿ ಉಜ್ಜಿಸಿದ್ದರು. ಉಳಿದಿದ್ದ ಚೂರುಪಾರು ಕಲಾಯಿಯೂ ಹೋಗುವ ತನಕ ಉಜ್ಜಿಸಿದ್ದರು. ಪ್ರತಿ ಸಲ ಕಳಿಸುವಾಗಲೂ ಹಾಗೇ ಮಾಡಿಸುತ್ತಿದ್ದರು. ಮೇಲೆ ಥಳಕು ಒಳಗೆ ಹುಳುಕು ಎನ್ನುತ್ತಾರೆ. ಇಲ್ಲಿ ಥಳಕೇ ಹುಳುಕಾಗಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಇಡಬಾರದು, ಕಿಲುಬೆದ್ದು ವಿಷವಾಗುತ್ತದೆ ಎನ್ನುವುದು ಆ ಮನೆಯ ಹೆಂಗಸರಿಗೆ ಗೊತ್ತಿತ್ತು. ಆದರೆ ಮದುವೆಯ ಪಾತ್ರೆ ಗಂಡಸರ ವ್ಯವಹಾರ. ಅದನ್ನು ಹಿತ್ತಲಲ್ಲಿ ಉಜ್ಜಿ ಹಿತ್ತಲಿಂದಲೇ ಗಾಡಿಗೆ ಏರಿಸುತ್ತಿದ್ದರು.

ಒಂದು ಚೊಂಬು ಹುಣಸೆ ನೀರು ತರಿಸಿ ಕೊಪ್ಪರಿಗೆಯಲ್ಲಿ ಹಾಕಿ ಕುದಿಸಿದೆ. ಹಾಗೇ ಬಿಟ್ಟು, ವರ್ತಕರ ಜೊತೆ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬಂದು ನೋಡುವಷ್ಟರಲ್ಲಿ ನೀರಿನ ಅಂಚಿಗೆ ಹಸಿರು ಕಟ್ಟಿತ್ತು. ವರ್ತಕರು ಬೆರಳು ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರು. ಕಿಲುಬು ಎಂದರು. ಕೊಪ್ಪರಿಗೆಯನ್ನು ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿಸಿದರು. ಒಳ್ಳೆಯ ಮನುಷ್ಯ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತೋ ಮರುಕ ಬರಬೇಕಿತ್ತೋ ತಿಳಿಯಲಿಲ್ಲ. ಎರಡೂ ಬರಲಿಲ್ಲ.

ಬಸ್ಸಿನಲ್ಲಿ ಹೊನ್ನಾಳಿಗೆ ಬರುತ್ತ ನನಗೆ ಸ್ವಲ್ಪ ಸಮಾಧಾನವಾಯಿತು ಎಂದು ಹೇಳಬೇಕು. ಕಾಲರಾದ ಕೆಲಸದಲ್ಲಿ ಕೊನೆ ಎಂಬುದು ಇಲ್ಲ, ಮಳೆ ಬಂದಾಗ ಅದಾಗಿಯೇ ಹೋಗುತ್ತದೆ. ಇಲ್ಲಿ ಮಾತ್ರ ಕೊನೆ ಕೈಗೆ ಸಿಕ್ಕಿತ್ತು. ಆ ಹುಡುಗಿಗೆ ಬರೆದುಕೊಡಬಹುದಾಗಿತ್ತು. ಸೂತಕ ಕಳೆದು ಹಿರಿಯರು ಸೇರುವುದಕ್ಕೆ ಮೊದಲೇ ಹೇಳಿಬಿಡಬೇಕೆಂದು ನ್ಯಾಮತಿಗೆ ನಡೆದೆ.

ಮಧ್ಯಾಹ್ನದ ಹೊತ್ತು. ಚಪ್ಪರ ಬಿಚ್ಚಿದ್ದರು, ಗಳುಗಳ ಗುಂಡಿ ಇನ್ನೂ ಮುಚ್ಚಿರಲಿಲ್ಲ. ಜವಳಿ ವ್ಯಾಪಾರಿ ಪಡಸಾಲೆಯಲ್ಲಿ ಒಬ್ಬರೇ ಇದ್ದರು. ನಾನು ಕೂತು ಮೊದಲಿನಿಂದ ಹೇಳಿದೆ. ಮೊದಲ ಪಂಕ್ತಿ, ಕೊನೆಯ ಪಂಕ್ತಿ, ಗಾಡಿಯವರು, ಸಂತೇಬೆನ್ನೂರು, ಹಿಗ್ಗಿಸಿದ ಸಾರು, ಉಜ್ಜಿದ ಕೊಪ್ಪರಿಗೆ. ನಿಮ್ಮ ಮಗನೂ ಸೊಸೆಯೂ ಒಂದೇ ತಟ್ಟೆಯಲ್ಲಿ ಉಂಡರು, ಇಬ್ಬರೂ ಚೆನ್ನಾಗಿದ್ದಾರೆ, ಮಗನ ಕಾಲ್ಗುಣ ಯಾರೂ ಕೇಳಲಿಲ್ಲವಲ್ಲ ಎಂದೆ. ಈ ಕೊನೆಯ ಮಾತು ಚುಚ್ಚಬೇಕೆಂದೇ ಹೇಳಿದ್ದು. ಅವರು ತಲೆ ತಗ್ಗಿಸಿ ಕೇಳಿದರು. ಲೆಕ್ಕ ಬಲ್ಲ ಮನುಷ್ಯ, ಕೂಡಿ ಕಳೆದು ನೋಡಿದರೆ ಬೇರೆ ದಾರಿಯಿಲ್ಲ ಎಂದು ತಿಳಿದುಕೊಂಡರು. ಹಿರಿಯರಿಗೆ ಹೇಳುತ್ತೇನೆ, ಹುಡುಗಿಯನ್ನು ಕರೆಸೋಣ, ಸ್ವಲ್ಪ ದಿನ ಹೋಗಲಿ ಎಂದರು. ನಾನು ಏಳಲು ಹೊರಟೆ.

ನಡುಮನೆಯ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಅವರ ಹೆಂಡತಿ ಈಚೆಗೆ ಬಂದು ನಿಂತಳು. ಪರಗಂಡಸಿನೆದುರು ಪಡಸಾಲೆಗೆ ಬರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಆಕೆ ಇಳಿದುಹೋಗಿದ್ದಳು. ಕಣ್ಣು ಒಣಗಿತ್ತು. ನನಗೆ ಆ ಕಣ್ಣಿನ ಗುರುತು ಸಿಕ್ಕಿತು, ಕನ್ನಡಿಯಲ್ಲಿ ನೋಡಿದ್ದೆ.

"ಆ ಸಾರಿನಾಗೇ ಇತ್ತು ಅಂತೀರಾ, ಸಾಹೇಬ್ರೆ?"

ಹೌದು ತಾಯಿ ಎಂದೆ.

"ಹುಡುಗಿದೇನೂ ಇಲ್ಲ?"

ಏನೂ ಇಲ್ಲ, ಎಳ್ಳಷ್ಟೂ ಇಲ್ಲ ಎಂದೆ. ಅವಳಿಗೆ ಹಗುರವಾಗಲಿ ಎಂದೇ ಒತ್ತಿ ಹೇಳಿದೆ. ಮಗಳ ಸಾವಿಗೆ ಯಾರೂ ಕಾರಣರಲ್ಲ ಎಂದು ತಿಳಿದರೆ ತಾಯಿಗೆ ಅಷ್ಟು ಸಮಾಧಾನ ಎಂದು ನಾನು ಬಗೆದಿದ್ದೆ.

ಆಕೆ ಕಂಬ ಹಿಡಿದುಕೊಂಡು ಕೆಳಗೆ ಕೂತಳು. ಕೂತು, ಯಾರನ್ನೂ ನೋಡದೆ ಹೇಳತೊಡಗಿದಳು. ಕೊನೆಯ ಪಂಕ್ತಿಗೆ ತಾನೇ ಸೌಟು ಹಿಡಿದು ಬಡಿಸಿದಳಂತೆ, ಬಡಿಸುವವರೆಲ್ಲ ದಣಿದಿದ್ದರು. ಮಗಳು ಮೊದಲ ತುತ್ತಿಗೇ ಮುಖ ಕಿವುಚಿ, ಸಾರು ಕಿಲುಬಾಗಿದೆ ಅವ್ವ ಎಂದಳಂತೆ. ಇವಳು ಬಗ್ಗಿ, ಸುಮ್ಮನಿರು, ಬೀಗರ ಕಿವಿಗೆ ಬಿದ್ದೀತು, ಮದುವೆಮನೆಯ ಊಟಕ್ಕೆ ಹೆಸರಿಡಬಾರದು ಎಂದು ಗದರಿದಳಂತೆ. ಪಕ್ಕದ ಎಲೆಯವರಿಗೂ ನಾಲಿಗೆಗೆ ಹತ್ತಿತ್ತು. ಅವರೂ ಮನೆಯವರೇ, ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ತಾನು ಉಣ್ಣಲು ಕೂತಾಗ ತನಗೂ ಗೊತ್ತಾಯಿತು. ತಾನೂ ನುಂಗಿದಳು. ಮಗಳು ಹೋದಾಗಿನಿಂದ ಆ ರುಚಿ ಬಾಯಲ್ಲೇ ಇದೆ ಎಂದಳು. ಯಾರೋ ಸೊಸೆಯ ಕಾಲ್ಗುಣ ಎಂದಾಗ, ಹೌದು ಅದೇ ಸರಿ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ತಾನೇ ಎಂದಳು.

ಇಂಥ ಹೊತ್ತಿನಲ್ಲಿ ಹೇಳಲು ನನ್ನ ಹತ್ತಿರ ಮಾತುಗಳಿದ್ದವು. ನಿಮ್ಮ ತಪ್ಪಲ್ಲ, ನಿಮಗೇನು ಗೊತ್ತಿತ್ತು, ದೇವರ ಇಚ್ಛೆ. ಜಗಳೂರಿನಲ್ಲಿ ಮನೆಮನೆಗೂ ಹೇಳಿ ಹೇಳಿ ಅವು ಸವೆದುಹೋಗಿದ್ದವು.

"ಒಂದು ಕೇಳ್ತೀನಿ. ಸುಳ್ಳು ಹೇಳಬ್ಯಾಡ್ರಿ. ಕಮ್ಮಿ ಉಂಡಿದ್ರೆ ಉಳೀತಿದ್ಲೇನ್ರಿ?"

ಸಾಕು ಬಿಡು ಎಂದು ಗಂಡ ಹೇಳಿದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಗೊತ್ತಿಲ್ಲ ತಾಯಿ ಎಂದೆ. ಒಂದು ಸೌಟು ಉಂಡು ಬಿಟ್ಟವರೆಲ್ಲ ಸಂಜೆಗೆ ಎದ್ದು ಕೂತಿದ್ದನ್ನು ನಾನೂ ನೋಡಿದ್ದೆ, ಅವಳೂ ನೋಡಿದ್ದಳು.

"ಎರಡ್ನೇ ಸಲ ಹಾಕಾಕೆ ಹೋದಾಗ ಬ್ಯಾಡವ್ವಾ ಅಂತ ಎಲೆ ಮ್ಯಾಲೆ ಕೈ ಅಡ್ಡ ಹಿಡಿದ್ಲು. ಬಸುರಿ ಹೆಂಗಸು ಅರೆಹೊಟ್ಟೇಲಿ ಏಳಬಾರದು ಅಂತ, ಕೈ ಸರಿಸಿ ಇದೇ ಕೈಲಿ ನಾನೇ ಹಾಕ್ದೆ."

ಹೊರಗೆ ಯಾರೋ ಚಪ್ಪರದ ಗಳುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ನಾನು ಆ ಹುಡುಗಿಯ ಕೆಲಸಕ್ಕೆ ಬಂದಿದ್ದೆ, ಅದು ಆಗಿತ್ತು, ಎದ್ದು ಹೋಗಬಹುದಾಗಿತ್ತು. ಕೂತೇ ಇದ್ದೆ. ಆ ಸತ್ಯವನ್ನು ನಾನು ತರಬಾರದಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಹೊಳೆಯ ದಂಡೆಯಲ್ಲಿ ಅಕ್ಕಿ ಆರಿಸುತ್ತಿದ್ದವಳ ನೆನಪಾಗಿ, ತರಲೇಬೇಕಿತ್ತು ಎಂದೂ ಅನ್ನಿಸಿತು.

ಆಕೆ ಸೆರಗು ಸರಿಮಾಡಿಕೊಂಡು ಎದ್ದು, ಗಾಡಿ ಕಟ್ಟಿಸಿ ಎಂದು ಗಂಡನಿಗೆ ಹೇಳಿದಳು. ಹಿರಿಯರನ್ನು ಕೇಳಿ ಮಾಡೋಣ, ಸೂತಕದಲ್ಲಿ ಹೊರಡುವುದು ಹೇಗೆ ಎಂದು ಅವರು ತಡೆದರು. ಸೂತಕ ನನ್ನದು, ನಾನೇ ಹೋಗಿ ಸೊಸೆಯ ಕೈಹಿಡಿದು ಕರೆದುಕೊಂಡು ಬರುತ್ತೇನೆ, ಇನ್ನು ಯಾರ ಅಪ್ಪಣೆಯೂ ಬೇಡ ಎಂದಳು. ಗಾಡಿ ಬಂತು. ಮಡಿಲಲ್ಲಿ ಹೂವು, ಕುಪ್ಪಸದ ಕಣ ಇಟ್ಟುಕೊಂಡು ಹೊರಗೆ ಬಂದಳು. ಗಾಡಿ ಹತ್ತಲು ಗಂಡ ಕೈ ಚಾಚಿದರು. ಆಕೆ ಎಡಗೈ ಕೊಟ್ಟಳು. ಬಲಗೈಯನ್ನು ಸೆರಗಿನೊಳಗೆ ಸುತ್ತಿ ಇಟ್ಟುಕೊಂಡಿದ್ದಳು, ಗಾಡಿ ಬೀದಿ ದಾಟುವವರೆಗೂ ತೆಗೆಯಲಿಲ್ಲ.